ಕಾರವಾರದ ದೋಣಿಗೆ ಬಾಗಲಕೋಟೆಯಲ್ಲಿ ರೇಡಿಯೋ ಕಟ್ಟಿದ್ದು

ಬಾಗಲಕೋಟೆಗೆ ಸಮುದ್ರ ಯಾವಾಗ ಬಂತು ಅಂತ ನಗಬೇಡಿ. ನವನಗರದಲ್ಲಿ ನನ್ನದು ಗಾಡಿಗಳ ಎಲೆಕ್ಟ್ರಿಕಲ್ ಅಂಗಡಿ. ಟ್ರ್ಯಾಕ್ಟರ್ ಡೈನಮೋ, ಲಾರಿ ವೈರಿಂಗ್, ಕಬ್ಬಿನ ಸೀಸನ್‌ನಲ್ಲಿ ಟ್ರೇಲರ್‌ಗಳ ಹಿಂದಿನ ಲೈಟು, ಇದೇ ದಿನದ ಕೆಲಸ. ಡಿಪ್ಲೊಮಾದಲ್ಲಿ ಜೊತೆಗೆ ಓದಿದ ಗೆಳೆಯ ಕಾರವಾರದವನು. ಅವನದ್ದು 26 ಅಡಿಯ ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಇಂಜಿನ್, ಕ್ಯಾಬಿನ್ ಇಲ್ಲ, ಬಿಸಿಲಿಗೆ ಪೈಪಿನ ಮೇಲೆ ಒಂದು ತಾಡಪತ್ರಿ ಅಷ್ಟೇ. ಅದಕ್ಕೆ ವಿಎಚ್‌ಎಫ್ ಮರೀನ್ ರೇಡಿಯೋ, ಅಂದರೆ ಸಮುದ್ರದಲ್ಲಿ ದೋಣಿಯಿಂದ ದೋಣಿಗೆ, ದಡಕ್ಕೆ ಮಾತಾಡುವ ಸೆಟ್, ಹಾಕಬೇಕು, ವೈರಿಂಗ್ ನೀನೇ ಮಾಡು ಅಂದ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನ ನಿಷೇಧ ಇರುತ್ತದೆ. ಮಳೆಗಾಲದ ಸಮುದ್ರಕ್ಕೆ ಇಂಥ ಸಣ್ಣ ದೋಣಿ ಇಳಿಸುವುದೂ ಕಷ್ಟ. ದೋಣಿ ದಡದ ಮೇಲಿತ್ತು, ನನಗೂ ಅಂಗಡಿಯಲ್ಲಿ ಕೆಲಸ ಕಮ್ಮಿ ಇತ್ತು.

ಮೊಬೈಲ್ ಇದೆಯಲ್ಲ, ರೇಡಿಯೋ ಯಾಕೆ ಅಂತ ನಾನೇ ಮೊದಲು ಕೇಳಿದೆ. ಅವನು ಹೇಳಿದ್ದು ಸರಿ ಇತ್ತು. ದಡ ಬಿಟ್ಟು ದೂರ ಹೋದಂತೆ ಸಿಗ್ನಲ್ ಹೋಗುತ್ತದೆ, ಅದಿರಲಿ. ಸಿಗ್ನಲ್ ಇದ್ದರೂ ಮೊಬೈಲ್‌ನಲ್ಲಿ ಒಬ್ಬನಿಗೆ ಮಾತ್ರ ಫೋನ್ ಹೋಗುತ್ತದೆ. ಪಕ್ಕದಲ್ಲೇ ಬಲೆ ಬಿಟ್ಟು ಕೂತಿರುವ ದೋಣಿಯವನ ನಂಬರ್ ನಿನ್ನ ಹತ್ತಿರ ಇರಬೇಕಲ್ಲ. ರೇಡಿಯೋದಲ್ಲಿ 16ನೇ ಚಾನೆಲ್‌ನಲ್ಲಿ, ಅಪಾಯಕ್ಕೂ ಮೊದಲ ಕರೆಗೂ ಇರುವುದು ಅದೇ, ಕೂಗಿದರೆ ಆ ಸುತ್ತಿನಲ್ಲಿ ಸೆಟ್ ಆನ್ ಇಟ್ಟವರಿಗೆಲ್ಲ ಕೇಳುತ್ತದೆ. ದೊಡ್ಡ ಹಡಗಿಗೂ, ಕೋಸ್ಟ್ ಗಾರ್ಡ್‌ಗೂ.

ಇಸ್ರೋದ ಡ್ಯಾಟ್ ಯಂತ್ರದ ಮಾತೂ ಬಂತು. ಅದು ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳಿಸುತ್ತದೆ, 2010ರಿಂದಲೂ ಇದೆ. 2024ರಲ್ಲಿ ಬಂದ ಎರಡನೇ ತಲೆಮಾರಿನದ್ದರಲ್ಲಿ 'ನಿಮ್ಮ ಸಂದೇಶ ಮುಟ್ಟಿತು' ಅನ್ನುವ ಉತ್ತರವೂ ವಾಪಸ್ ಬರುತ್ತದೆ. ಒಳ್ಳೆಯದೇ, ಸಿಕ್ಕರೆ ಇಟ್ಟುಕೊಳ್ಳಲೇಬೇಕು. ಆದರೆ ಅದು ಕೊನೆಯ ಗುಂಡಿ. ಇಂಜಿನ್ ಕೆಟ್ಟು ನಿಂತಿದೆ, ಹಗ್ಗ ಹಾಕಿ ಎಳೆಯೋಕೆ ಯಾರಾದರೂ ಬನ್ನಿ ಅಂತ ಹೇಳೋದಕ್ಕೆ ಬಾಯಲ್ಲಿ ಮಾತಾಡುವ ಯಂತ್ರವೇ ಬೇಕು.

ಇನ್ನು ಸೆಟ್ ಆರಿಸುವ ವಿಷಯ. ಕೈಯಲ್ಲಿ ಹಿಡಿಯುವುದಾ, ದೋಣಿಗೆ ಕೂರಿಸುವುದಾ? ಕೈಯದು ಹೆಚ್ಚೆಂದರೆ 5-6 ವ್ಯಾಟ್, ಕೂರಿಸುವುದು 25 ವ್ಯಾಟ್. ಎಲ್ಲರೂ ಈ ವ್ಯಾಟ್ ನೋಡಿ ತೀರ್ಮಾನ ಮಾಡುತ್ತಾರೆ. ನನ್ನ ಪ್ರಕಾರ ಅದು ಎರಡನೇ ಮಾತು. ಮೊದಲನೆಯದು ಎತ್ತರ. ಮರೀನ್ ವಿಎಚ್‌ಎಫ್ 156ರಿಂದ 162 ಮೆಗಾಹರ್ಟ್ಜ್ ನಡುವೆ ಕೆಲಸ ಮಾಡುತ್ತದೆ. ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತವೆ, ಭೂಮಿಯ ಉಬ್ಬು ಅಡ್ಡ ಬಂದರೆ ಮುಗಿಯಿತು. ಲೆಕ್ಕ ಸುಲಭ: ನೀರಿನ ಮಟ್ಟದಿಂದ ಆಂಟೆನಾ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲಕ್ಕೆ 2.2ರಿಂದ ಗುಣಿಸಿ, ಬಂದದ್ದು ನಾಟಿಕಲ್ ಮೈಲಿ. ಎದುರಿನವನದ್ದೂ ಹಾಗೇ ತೆಗೆದು ಎರಡನ್ನೂ ಕೂಡಿಸಿ. ದೋಣಿಯಲ್ಲಿ ಕೂತವನ ಕೈಯಲ್ಲಿರುವ ಸೆಟ್ ನೀರಿಂದ ಒಂದೂವರೆ ಮೀಟರ್ ಅಂದರೆ ಸುಮಾರು 2.7 ಮೈಲಿ, ಅಂದರೆ 5 ಕಿಲೋಮೀಟರ್. ಅದೇ ಮೂರೂವರೆ ಮೀಟರ್ ಮೇಲೆ ಆಂಟೆನಾ ಇದ್ದರೆ 4.1 ಮೈಲಿ, ಏಳೂವರೆ ಕಿಲೋಮೀಟರ್. ಅಂಥವೇ ಎರಡು ದೋಣಿ ಇದ್ದರೆ 15 ಕಿಲೋಮೀಟರ್. ದಡದಲ್ಲಿ ಗುಡ್ಡದ ಮೇಲೆ 64 ಮೀಟರ್ ಎತ್ತರದಲ್ಲಿ ಆಂಟೆನಾ ಇಟ್ಟವರಿದ್ದರೆ 40 ಕಿಲೋಮೀಟರ್ ಹತ್ತಿರಕ್ಕೆ ಹೋಗುತ್ತದೆ. ಇದರಲ್ಲಿ ವ್ಯಾಟ್ ಎಲ್ಲಿ ಬಂತು ಹೇಳಿ? ಎದುರಿನವನು ಮರೆಯಲ್ಲಿದ್ದರೆ 25 ವ್ಯಾಟ್ ಏನೂ ಮಾಡೋದಿಲ್ಲ. ಎದುರಿಗಿದ್ದರೆ ಗದ್ದಲದ ನಡುವೆ ಮಾತು ಸ್ವಚ್ಛವಾಗಿ ಮುಟ್ಟಿಸುತ್ತದೆ, ಅಷ್ಟು ಕೆಲಸ ಅದರದ್ದು.

ಹಾಗಾಗಿ ಕೂರಿಸುವ ಸೆಟ್ಟೇ ಅಂತ ಆಯಿತು. ಕೈಯದು ಬೇಡ ಅಂತ ಅಲ್ಲ. ದೋಣಿ ಮಗುಚಿದರೆ ಬ್ಯಾಟರಿ ನೀರಿನೊಳಗೆ, ಕೂರಿಸಿದ ಸೆಟ್ ಸತ್ತ ಹಾಗೆ. ಆವಾಗ ಜಾಕೆಟ್ಟಿಗೆ ಸಿಕ್ಕಿಸಿದ ತೇಲುವ ಕೈಸೆಟ್ ಬೇಕಾಗುತ್ತದೆ. ಅದು ಮುಂದಿನ ವರ್ಷ ಅಂದ ಗೆಳೆಯ. ದುಡ್ಡು ಅವನದ್ದು, ನಾನು ಜಾಸ್ತಿ ಒತ್ತಲಿಲ್ಲ.

ಐಕಾಮ್, ಸ್ಟ್ಯಾಂಡರ್ಡ್ ಹೊರೈಜನ್ ಎರಡೂ ಕಂಪನಿಯ ಸೆಟ್ ನೋಡಿದೆವು. ಪಟ್ಟಿ ತುಂಬ ಫೀಚರ್ ಬರೆದಿರುತ್ತಾರೆ, ಅರ್ಧಕ್ಕರ್ಧ ನಮಗೆ ಕೆಲಸಕ್ಕೆ ಬಾರದವು. ಹವಾಮಾನ ಚಾನೆಲ್ ಅಂತ ದೊಡ್ಡದಾಗಿ ಇರುತ್ತದೆ, ಅದು ಅಮೆರಿಕ ಕಡೆಯ ಪ್ರಸಾರಕ್ಕೆ ಮಾಡಿದ್ದು. ಕಾರವಾರದ ಮುಂದೆ ಅದನ್ನು ಹಾಕಿದರೆ ಬರೀ ಸೊರ್ ಅನ್ನುತ್ತದೆ. ನಮ್ಮವರು ಗಾಳಿ, ಅಲೆಯ ಎಚ್ಚರಿಕೆಗೆ ಹವಾಮಾನ ಇಲಾಖೆ ಮತ್ತು ಹೈದರಾಬಾದಿನಲ್ಲಿರುವ ಸಮುದ್ರ ಮಾಹಿತಿಯ ಕೇಂದ್ರ ಇನ್‌ಕಾಯ್ಸ್ ಕೊಡುವ ಸೂಚನೆಯನ್ನೇ ನೋಡುವುದು. ನಾವು ಹಟ ಹಿಡಿದದ್ದು ಮೂರಕ್ಕೆ ಮಾತ್ರ. ಡಿಎಸ್‌ಸಿ ಇರಬೇಕು, ಅಂದರೆ ಮುಚ್ಚಳ ಎತ್ತಿ ಕೆಂಪು ಗುಂಡಿ ಒತ್ತಿ ಹಿಡಿದರೆ 70ನೇ ಚಾನೆಲ್ ಮೇಲೆ ಅಪಾಯದ ಸಂಕೇತ ತಾನೇ ಹೋಗಬೇಕು. ಜಿಪಿಎಸ್ ಸೆಟ್ಟಿನಲ್ಲೇ ಇರಬೇಕು, ಇಲ್ಲದಿದ್ದರೆ ಆ ಸಂಕೇತದಲ್ಲಿ ಯಾರು ಅಂತ ಇರುತ್ತದೆಯೇ ಹೊರತು ಎಲ್ಲಿ ಅಂತ ಇರುವುದಿಲ್ಲ. ಮೂರನೆಯದು ಐಪಿಎಕ್ಸ್7, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು. ಇಷ್ಟೂ ಇದ್ದು, ಭಾರತದಲ್ಲಿ ವೈರ್‌ಲೆಸ್ ಯಂತ್ರಗಳಿಗೆ ಬೇಕಾದ ಇಟಿಎ ಅನುಮೋದನೆ ಇರುವ ಐಕಾಮ್‌ನ ಒಂದು ಚಿಕ್ಕ ಸೆಟ್ ಸಿಕ್ಕಿತು. ಅದನ್ನೇ ತೆಗೆದುಕೊಂಡೆವು.

ಕಾಗದಪತ್ರ ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ದೋಣಿಯ ನೋಂದಣಿ ಮೀನುಗಾರಿಕೆ ಇಲಾಖೆಯ ಆನ್‌ಲೈನ್ ನೋಂದಣಿ ವ್ಯವಸ್ಥೆ ರಿಯಲ್‌ಕ್ರಾಫ್ಟ್‌ನಲ್ಲಿ ಮೊದಲೇ ಆಗಿತ್ತು. ರೇಡಿಯೋ ಲೈಸೆನ್ಸ್ ದೂರಸಂಪರ್ಕ ಇಲಾಖೆಯಲ್ಲಿ ವೈರ್‌ಲೆಸ್ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ್ದು. ದೋಣಿಯ ರೇಡಿಯೋ ಗುರುತಾದ ಎಂಎಂಎಸ್‌ಐ ಅನ್ನುವ ಒಂಬತ್ತು ಅಂಕಿಯ ನಂಬರ್ ಬೇರೆ, ಭಾರತದ ದೋಣಿಗಳದ್ದು 419ರಿಂದ ಶುರುವಾಗುತ್ತದೆ. ಡಿಎಸ್‌ಸಿ ಕೆಲಸ ಮಾಡಬೇಕಾದರೆ ಈ ನಂಬರ್ ಸೆಟ್ಟಿಗೆ ತುಂಬಿರಲೇಬೇಕು. ಸಾಮಾನ್ಯವಾಗಿ ಒಂದೆರಡು ಸಲ ಮಾತ್ರ ತುಂಬಲು ಬಿಡುತ್ತದೆ, ಆಮೇಲೆ ಬೀಗ. ಸುಮ್ನೆ ಪರೀಕ್ಷೆಗೆ ಅಂತ ಯಾವುದೋ ನಂಬರ್ ಒತ್ತಬೇಡಿ. ಅರ್ಜಿಯ ಓಡಾಟವೆಲ್ಲ ಗೆಳೆಯನದ್ದು, ನಾನು ಬೆಂಚಿನ ಕೆಲಸಕ್ಕೆ ಕೂತೆ.

ಬೆಂಚಿನ ಮೇಲೆ ಮೊದಲು ಕರೆಂಟ್ ಎಷ್ಟು ಎಳೆಯುತ್ತದೆ ನೋಡಿದೆ. ಆಂಟೆನಾ ಜಾಗದಲ್ಲಿ 50 ಓಮ್ ಡಮ್ಮಿ ಲೋಡ್ ಹಾಕಿದ್ದೆ. ಇದು ಶಕ್ತಿಯನ್ನೆಲ್ಲ ಬಿಸಿ ಮಾಡಿ ಕಳೆಯುತ್ತದೆ, ಗಾಳಿಗೆ ಬಿಡೋದಿಲ್ಲ. ಆಂಟೆನಾನೂ ಇಲ್ಲದೆ, ಲೋಡೂ ಇಲ್ಲದೆ ಗುಂಡಿ ಒತ್ತಿದರೆ ಒಳಗಿನ ಫೈನಲ್ ಟ್ರಾನ್ಸಿಸ್ಟರ್ ಸುಟ್ಟರೂ ಸುಟ್ಟೀತು. 13.8 ವೋಲ್ಟ್‌ನಲ್ಲಿ ಸುಮ್ಮನೆ ಕೇಳುತ್ತಾ ಇದ್ದಾಗ 0.3 ಆಂಪಿಯರ್, 1 ವ್ಯಾಟ್‌ನಲ್ಲಿ ಮಾತಾಡುವಾಗ ಒಂದೂವರೆ, 25 ವ್ಯಾಟ್‌ನಲ್ಲಿ 5ರ ಆಸುಪಾಸು. ವೋಲ್ಟೇಜ್ ಇಳಿಸುತ್ತಾ ಹೋದರೆ ಔಟ್‌ಪುಟ್ಟೂ ಇಳಿಯುತ್ತಾ ಬಂತು. ನನಗೆ ಬೇಕಾಗಿದ್ದ ಮಾಹಿತಿ ಇದು. ಸೆಟ್ ಎಷ್ಟು ಒಳ್ಳೆಯದಿದ್ದರೇನು, ಬ್ಯಾಟರಿಯಿಂದ ಅಲ್ಲಿಯವರೆಗೆ ವೋಲ್ಟೇಜ್ ಸರಿಯಾಗಿ ಮುಟ್ಟದಿದ್ದರೆ 25 ವ್ಯಾಟ್ ಅಂತ ಡಬ್ಬದ ಮೇಲೆ ಮಾತ್ರ.

ದೋಣಿಯಲ್ಲಿ ಬ್ಯಾಟರಿಯಿಂದ ಸೆಟ್ಟಿಗೆ ಹೋಗಿ ಬರುವ ವೈರಿನ ಉದ್ದ ಒಟ್ಟು 10 ಮೀಟರ್. ನಾವು ಗಾಡಿಗೆ ಎಳೆಯುವ ಒಂದೂವರೆ ಸ್ಕ್ವೇರ್ ಎಂಎಂ ವೈರ್ ಹಾಕಿದರೆ 0.6 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 4 ಸ್ಕ್ವೇರ್ ಹಾಕಿದರೆ 0.2 ಸ್ವಲ್ಪ ಮೇಲೆ. 4 ಸ್ಕ್ವೇರ್ ತಂದೆ, ಅದೂ ತವರ ಲೇಪ ಇರುವ ತಾಮ್ರದ್ದು. ಇಲ್ಲಿ ಬಾಗಲಕೋಟೆಯ ಒಣ ಹವೆಯಲ್ಲಿ ಬರೀ ತಾಮ್ರದ ವೈರ್ ವರ್ಷಗಟ್ಟಲೆ ಕೆಂಪಗೇ ಇರುತ್ತದೆ. ಉಪ್ಪು ಗಾಳಿಯಲ್ಲಿ ಹಾಗಲ್ಲ. ಗೆಳೆಯನ ಹಳೇ ಲೈಟ್ ವೈರಿನ ತುದಿ ಸುಲಿದು ನೋಡಿದೆ. ತುದಿಯಿಂದ ಒಂದು ಬೆರಳುದ್ದ ಒಳಗಿನವರೆಗೂ ಎಳೆಗಳು ಕಪ್ಪಾಗಿ, ತುದಿಗೆ ಹಾಕಿದ ಲೋಹದ ಲಗ್ಗಿನ ಬಾಯಲ್ಲಿ ಹಸಿರು ಕಿಲುಬು ಹಿಡಿದಿತ್ತು. ಉಗುರಿಂದ ಕೆರೆದರೆ ಎಳೆಗಳು ಪುಡಿಪುಡಿಯಾಗಿ ಉದುರಿದವು. ಉಪ್ಪುನೀರು ಪ್ಲಾಸ್ಟಿಕ್ ಕವಚದ ಒಳಗೆ ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಏರಿಕೊಂಡು ಹೋಗುತ್ತದೆ. ಹಾಗಾಗಿ ಪ್ರತಿ ಲಗ್ಗಿಗೂ ಕ್ರಿಂಪ್ ಮಾಡಿ, ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್. ಬಿಸಿ ಕೊಟ್ಟಾಗ ಎರಡೂ ತುದಿಯಲ್ಲಿ ಅಂಟು ಸ್ವಲ್ಪ ಹೊರಗೆ ಉಕ್ಕಬೇಕು, ಉಕ್ಕದಿದ್ದರೆ ಇನ್ನೊಮ್ಮೆ ಬಿಸಿ ಕೊಡಬೇಕು.

ಇದೇ ಹೊತ್ತಿಗೆ ಅಂಗಡಿಗೆ ಒಬ್ಬ ಕಾಕಾ ಬಂದರು. ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುವವರು, ಲೈಟಿನ ಬ್ಯಾಟರಿ ಚಾರ್ಜಿಗೆ ಬಿಡುತ್ತಿರುತ್ತಾರೆ. ಮೇಜಿನ ಮೇಲಿನ ಸೆಟ್ ನೋಡಿ, "ತಮ್ಮಾ, ಇದೇನು? ನಮ್ಮ ದೋಣಿಗೂ ಒಂದ ಹಚ್ಚಿ ಕೊಡೊ" ಅಂದರು.

"ಕಾಕಾ, ಹಚ್ಚಿ ಕೊಡ್ತೀನ್ರಿ, ಆದ್ರ ನೀವು ಇದ್ರಾಗ ಒದರಿದ್ರ ಕೇಳಾವ್ರು ಯಾರ್ರಿ?"

ಸೆಟ್ ಆನ್ ಮಾಡಿ, ಒಂದು ಉದ್ದ ಆಂಟೆನಾ ಸಿಕ್ಕಿಸಿ 16ನೇ ಚಾನೆಲ್ ಕೇಳಿಸಿದೆ. ಬರೀ ಸೊರ್. ಸಮುದ್ರ ಇಲ್ಲಿಂದ ಘಟ್ಟದ ಆಚೆ. ನೀರಿದ್ದರೂ ಹಿನ್ನೀರಿನಲ್ಲಿ ಈ ಚಾನೆಲ್‌ಗೆ ಕಿವಿ ಕೊಟ್ಟು ಕೂತವರು ಯಾರೂ ಇಲ್ಲ. ಲೈಸೆನ್ಸ್ ಕೂಡ ಸಮುದ್ರದ ಬಳಕೆಗೆ ಕೊಡುವಂಥದ್ದು. ಹಾಗಂತ ಹಿನ್ನೀರು ಸಣ್ಣದೇನಲ್ಲ. ಜಲಾಶಯ 519.60 ಮೀಟರಿಗೆ ತುಂಬಿ, ಗಾಳಿ ಎದ್ದಾಗ ಹಳೇ ಬಾಗಲಕೋಟೆ ಕಡೆಯ ನೀರು ನೋಡಿದವರಿಗೆ ಗೊತ್ತು. ಕಾಕಾಗೆ ನಾನು ಹೇಳಿದ್ದು: ಮೊದಲು ಲೈಫ್ ಜಾಕೆಟ್ ತಗೊಳ್ಳಿ, ಮೊಬೈಲಿಗೆ ನೀರು ಹೋಗದ ಚೀಲ ತಗೊಳ್ಳಿ. ದೋಣಿಯಿಂದ ದೋಣಿಗೆ ಮಾತಾಡಲೇಬೇಕು ಅಂದರೆ 446 ಮೆಗಾಹರ್ಟ್ಜ್‌ನ, ಸರ್ಕಾರ ಲೈಸೆನ್ಸ್ ಬೇಡ ಅಂದಿರುವ ಕಮ್ಮಿ ಶಕ್ತಿಯ ವಾಕಿಟಾಕಿ ಜೋಡಿ ಸಾಕು. ಆದರೆ ಡಬ್ಬದ ಮೇಲೆ ಫ್ರೀಕ್ವೆನ್ಸಿ ಬರೆದಿಲ್ಲದ ಅಗ್ಗದ ಸೆಟ್ ಬೇಡ. 2025ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥವುಗಳ ಆನ್‌ಲೈನ್ ಮಾರಾಟದ ಮೇಲೆ ಮಾರ್ಗಸೂಚಿ ತಂದಿದ್ದೇ ಈ ಗೊಂದಲಕ್ಕೆ. ಕಾಕಾ ತಲೆಯಾಡಿಸಿ, "ಮತ್ತ ಅದನ್ನ ತರಸು" ಅಂದರು. ಅದು ಬೇರೆ ಕೆಲಸ, ಬೇರೆ ಸಲ ಬರೆಯುತ್ತೇನೆ.

ಸೆಟ್ ಕೂರಿಸಲು ಪೆಟ್ಟಿಗೆ ಇಲ್ಲೇ ಮಾಡಿದೆ. ಮರೀನ್ ಪ್ಲೈ, ಒಳಗೂ ಹೊರಗೂ ರೆಸಿನ್ ಮತ್ತು ಫೈಬರ್ ಮ್ಯಾಟ್. ಮುಂಭಾಗ ತೆರೆದು, ಮೇಲೆ ಮುಂದಕ್ಕೆ ಚಾಚಿದ ಸಣ್ಣ ಮಾಡು, ತಳದಲ್ಲಿ ನೀರು ಹರಿದು ಹೋಗಲು ತೂತು. ಐಪಿಎಕ್ಸ್7 ಸೆಟ್ಟಿಗೆ ಪೆಟ್ಟಿಗೆ ಯಾಕೆ ಅಂತ ಕೇಳಬಹುದು. ಸೆಟ್ಟಿನೊಳಗೆ ನೀರು ಹೋಗೋದಿಲ್ಲ ನಿಜ, ಹಿಂದಿನ ಆಂಟೆನಾ ಕನೆಕ್ಟರಿಗೆ, ಪವರ್ ವೈರಿನ ಜೋಡಣೆಗೆ ಆ ಭರವಸೆ ಯಾರೂ ಕೊಟ್ಟಿಲ್ಲ. ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟೆ. ಕೇಬಲ್ ಮಡಚದೆ ತಿರುಗಬೇಕು, ಹೀಟ್‌ಸಿಂಕಿಗೂ ಗಾಳಿ ಆಡಬೇಕು. ಫೈಬರ್ ಮಾಡು ಜಿಪಿಎಸ್‌ಗೆ ಅಡ್ಡಿಯಾಗುವುದಿಲ್ಲ. ತಗಡು ಹಾಕಿದ್ದರೆ ಉಪಗ್ರಹ ಕಾಣುತ್ತಿರಲಿಲ್ಲ.

ಬೆಂಚಿನ ಮೇಲೇ ಇನ್ನೊಂದು ನೋಡಿದೆ. ಗೆಳೆಯನ ಸಣ್ಣ ದಿಕ್ಸೂಚಿ ನನ್ನ ಹತ್ತಿರ ಇತ್ತು. ಅದನ್ನು ಮೇಜಿನ ಮೇಲೆ ಇಟ್ಟು ಸೆಟ್ಟನ್ನು ನಿಧಾನಕ್ಕೆ ಹತ್ತಿರ ತಂದೆ. ಮೊಳದಷ್ಟು ದೂರ ಇರುವಾಗಲೇ ಮುಳ್ಳು ಅಲುಗಿತು, ಗೇಣಿನೊಳಗೆ ಬಂದಾಗ ಉತ್ತರ ಬಿಟ್ಟು ಸೆಟ್ಟಿನ ಕಡೆ ತಿರುಗಿ ನಿಂತಿತು. ಸ್ಪೀಕರಿನ ಅಯಸ್ಕಾಂತದ ಕೆಲಸ. ಮೈಕಿನೊಳಗೂ ಅಯಸ್ಕಾಂತ ಇರುತ್ತದೆ, ಮೈಕ್ ಸಿಕ್ಕಿಸುವ ಕೊಕ್ಕೆಯ ಜಾಗವನ್ನೂ ಅದಕ್ಕೇ ನೋಡಿಕೊಂಡು ಇಡಬೇಕು. ದೋಣಿಯಲ್ಲಿ ದಿಕ್ಸೂಚಿ ಬಲಕ್ಕಿದೆ, ಪೆಟ್ಟಿಗೆ ಎಡಕ್ಕೆ, ನಡುವೆ ಒಂದು ಮೀಟರಿಗೂ ಜಾಸ್ತಿ.

ಆಂಟೆನಾ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕಂದರೆ ದುಡ್ಡು ಉಳಿಸಲು ಎಲ್ಲರೂ ಕತ್ತರಿ ಹಾಕುವುದು ಇಲ್ಲಿಗೇ. ಅಂಗಡಿಯವರು 6 ಡಿಬಿ ಗೇನ್ ಇರುವ ಎಂಟು ಅಡಿಯದನ್ನು ತೋರಿಸಿದರು, ಜಾಸ್ತಿ ಗೇನ್ ಜಾಸ್ತಿ ದೂರ ಅಂತ. ಗೇನ್ ಅಂದರೆ ಹೊಸ ಶಕ್ತಿ ಹುಟ್ಟಿಸುವುದಲ್ಲ, ಇರುವುದನ್ನು ಮೇಲಿಂದ ಕೆಳಗಿಂದ ಹಿಂಡಿ ಅಡ್ಡಕ್ಕೆ ಚಪ್ಪಟೆ ಮಾಡಿ ಬಿಡುವುದು. ದೊಡ್ಡ ಬೋಟು ಅಲ್ಲಾಡದೆ ನಿಂತಿರುತ್ತದೆ, ಅದಕ್ಕೆ ಸರಿ. ನಮ್ಮ 26 ಅಡಿಯದು ಅಲೆಗೆ ಆ ಕಡೆ ಈ ಕಡೆ ವಾಲುತ್ತಲೇ ಇರುತ್ತದೆ. ಚಪ್ಪಟೆ ಕಿರಣ ಒಮ್ಮೆ ಆಕಾಶಕ್ಕೆ, ಒಮ್ಮೆ ನೀರಿಗೆ ಹೋಗುತ್ತದೆ, ಎದುರಿನವನಿಗೆ ಮಾತು ಬಂದು ಹೋಗಿ ಬಂದು ಹೋಗಿ ಆಗುತ್ತದೆ. ಹಾಗಾಗಿ 3 ಡಿಬಿಯದ್ದೇ ಸರಿ. ಅದರಲ್ಲೂ ಹಾಫ್ ವೇವ್. 156.8 ಮೆಗಾಹರ್ಟ್ಜ್‌ಗೆ ಅಲೆಯ ಉದ್ದ 1.91 ಮೀಟರ್, ಅರ್ಧ ಅಂದರೆ 96 ಸೆಂಟಿಮೀಟರ್ ಹತ್ತಿರ. ಕಾರಿನ ಕ್ವಾರ್ಟರ್ ವೇವ್ ಆಂಟೆನಾಗೆ ಕೆಳಗೆ ತಗಡಿನ ಛಾವಣಿ ಬೇಕು, ಫೈಬರ್ ದೋಣಿಯಲ್ಲಿ ಅದು ಎಲ್ಲಿದೆ? ಹಾಫ್ ವೇವ್‌ಗೆ ಆ ತಲೆನೋವಿಲ್ಲ.

ಕೇಬಲ್ 6 ಮೀಟರ್ ಸಾಕಿತ್ತು. ತೆಳ್ಳನೆಯ ಆರ್‌ಜಿ-58 ಹಾಕಿದರೆ ಅಷ್ಟು ಉದ್ದಕ್ಕೆ 25 ವ್ಯಾಟ್‌ನಲ್ಲಿ 19 ಮಾತ್ರ ಮೇಲೆ ಮುಟ್ಟುತ್ತದೆ, ದಪ್ಪನೆಯ ಆರ್‌ಜಿ-213 ಆದರೆ 22. ಗೆಳೆಯ ದಪ್ಪನೆಯದೇ ಹಾಕು ಅಂದ. ನಾನು ಬೇಡ ಅಂದೆ. ಈ ಮೂರು ವ್ಯಾಟಿನ ವ್ಯತ್ಯಾಸ ಯಾರ ಕಿವಿಗೂ ಗೊತ್ತಾಗುವುದಿಲ್ಲ, ಆದರೆ ಬೆರಳು ದಪ್ಪದ ಆ ಕೇಬಲನ್ನು ಇಷ್ಟು ಸಣ್ಣ ದೋಣಿಯ ಮೂಲೆಗಳಲ್ಲಿ ಬಗ್ಗಿಸಿ ಬಗ್ಗಿಸಿ ಕನೆಕ್ಟರಿನ ಬೆಸುಗೆ ಬಿಡಿಸುವುದು ಮಾತ್ರ ಖಾತ್ರಿ. ಉದ್ದನೆಯ ಕಂಬ ಇರುವ ಬೋಟಾದರೆ ಮಾತು ಬೇರೆ. ನಾನು ಹಾಕಿದ್ದು ಆರ್‌ಜಿ-58ಸಿ/ಯು, ಒಳಗಿನ ಎಳೆಗಳಿಗೂ ತವರದ ಲೇಪ ಇರುವಂಥದ್ದು. ಟಿವಿ ಡಿಶ್‌ನ ಕೇಬಲ್ ಮನೆಯಲ್ಲಿ ಬಿದ್ದಿದೆ ಅಂತ ಅದನ್ನು ಹಾಕಬೇಡಿ. ಅದು 75 ಓಮ್, ಇದಕ್ಕೆ ಬೇಕಾದ್ದು 50.

ಕೇಬಲ್ ತುದಿಗೆ ಪಿಎಲ್-259 ಕನೆಕ್ಟರ್ ಬೆಸೆಯುವುದು ನಿಧಾನದ ಕೆಲಸ. ಸಣ್ಣ ಕೇಬಲಿಗೆ ಅದರ ಒಳಗೆ ತೂತು ಸಣ್ಣದು ಮಾಡುವ ಯುಜಿ-175 ರಿಡ್ಯೂಸರ್ ಬೇಕು. ಮೊದಲು ಹೊರಗಿನ ತಿರುಪು ಬಳೆ ಕೇಬಲಿಗೆ ಏರಿಸಿಕೊಳ್ಳಬೇಕು, ಆಮೇಲೆ ರಿಡ್ಯೂಸರ್. ಹೊರ ಕವಚ ಸುಲಿದು, ಜಾಲರಿ ಎಳೆಗಳನ್ನು ಬಿಡಿಸಿ ರಿಡ್ಯೂಸರಿನ ಮೈಮೇಲೆ ಹಿಂದಕ್ಕೆ ಮಡಚಿ ಹರಡಬೇಕು. ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು. ಆಮೇಲೆ ಕನೆಕ್ಟರಿನೊಳಗೆ ತಿರುಗಿಸಿ, ಪಕ್ಕದ ನಾಲ್ಕು ತೂತುಗಳಲ್ಲಿ ಜಾಲರಿ ಕಾಣುತ್ತದಲ್ಲ, ಅಲ್ಲಿ ಬೆಸುಗೆ ಹರಿಸಬೇಕು. 25 ವ್ಯಾಟಿನ ಐರನ್ ಇದಕ್ಕೆ ಸಾಲದು. ಹಿತ್ತಾಳೆಯ ಮೈ ಬಿಸಿಯನ್ನೆಲ್ಲ ನುಂಗುತ್ತದೆ, ತವರ ಮುದ್ದೆಯಾಗಿ ಮೇಲೆ ಕೂರುತ್ತದೆ, ಒಳಗೆ ಹಿಡಿದಿರುವುದಿಲ್ಲ. ನಾನು 100 ವ್ಯಾಟಿನದನ್ನು ಚೆನ್ನಾಗಿ ಕಾಯಿಸಿ, ಬೇಗ ಮುಟ್ಟಿಸಿ ಬೇಗ ತೆಗೆದೆ. ಜಾಸ್ತಿ ಹೊತ್ತು ಹಿಡಿದರೆ ಒಳಗಿನ ಬಿಳಿ ಪ್ಲಾಸ್ಟಿಕ್ ಕರಗಿ ನಡುವಿನ ತಂತಿ ಪಕ್ಕಕ್ಕೆ ಸರಿಯುತ್ತದೆ. ತಣ್ಣಗಾದ ಮೇಲೆ ಮಲ್ಟಿಮೀಟರ್: ನಡುವಿನಿಂದ ನಡುವಿಗೆ ಬೀಪ್ ಬರಬೇಕು, ನಡುವಿನಿಂದ ಮೈಗೆ ಬರಬಾರದು. ಆಂಟೆನಾ ಸಿಕ್ಕಿಸಿ ನೋಡಿದರೆ ಕೆಲವು ಆಂಟೆನಾಗಳಲ್ಲಿ ಮೈಗೂ ಬೀಪ್ ಬರುತ್ತದೆ, ಅದು ಅವುಗಳ ರಚನೆಯೇ ಹಾಗೆ, ಹೆದರಬೇಡಿ. ಕೇಬಲ್ ಒಂದನ್ನೇ ಬಿಚ್ಚಿ ಪರೀಕ್ಷಿಸಿ.

ಎಲ್ಲ ಕಟ್ಟಿಕೊಂಡು ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾ ಮೇಲೆ ಕಾರವಾರ. ಮಳೆ ಬಿಡುವು ಕೊಟ್ಟಾಗ ಮಾತ್ರ ಕೆಲಸ. ಒದ್ದೆ ಫೈಬರಿಗೆ ಸೀಲೆಂಟ್ ಹಿಡಿಯುವುದಿಲ್ಲ.

ಬ್ಯಾಟರಿ ಹಿಂದಿನ ಹಲಗೆಯ ಕೆಳಗೆ. ಅಲ್ಲಿಂದ ಪಾಸಿಟಿವ್ ವೈರಿಗೆ ಗೇಣಿನೊಳಗೆ 10 ಆಂಪಿಯರ್ ಫ್ಯೂಸ್. ಫ್ಯೂಸ್ ಇರುವುದು ವೈರ್ ಕಾಯುವುದಕ್ಕೆ, ಸೆಟ್ಟಿನ ಹತ್ತಿರ ಇಟ್ಟರೆ ನಡುವೆ ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಪ್ರಯೋಜನ ಇಲ್ಲ. "ಎಂತ ಮಾರಾಯ, ರೇಡಿಯೋಕ್ಕೆ ಇಷ್ಟು ದಪ್ಪ ವೈರಾ?" ಅಂದ ಗೆಳೆಯ. ಹಳೇ ವೈರಿನ ಹಸಿರು ತುಂಡು ತೋರಿಸಿದೆ, ಸುಮ್ಮನಾದ. ಅವನ ಇಂಜಿನ್ನಿನಲ್ಲಿ ಲೈಟಿಗೆ ಕರೆಂಟ್ ಕೊಡುವ ಕಾಯಿಲ್‌ನಿಂದಲೇ ಬ್ಯಾಟರಿ ಚಾರ್ಜ್ ಮಾಡೋಣ ಅನ್ನುವುದು ಅವನ ಆಸೆ. ಅದರಿಂದ ಬರುವುದು ಎಸಿ, ಅದನ್ನು ಡಿಸಿ ಮಾಡಿ ಹದದಲ್ಲಿಡುವ ರೆಕ್ಟಿಫೈಯರ್ ರೆಗ್ಯುಲೇಟರ್ ಇಲ್ಲದೆ ಬ್ಯಾಟರಿಗೆ ಕೊಡುವ ಹಾಗಿಲ್ಲ. ಸದ್ಯಕ್ಕೆ ತಾಡಪತ್ರಿ ಪೈಪಿನ ಮೇಲೆ 40 ವ್ಯಾಟಿನ ಸೋಲಾರ್ ಪ್ಯಾನೆಲ್, ಕಂಟ್ರೋಲರ್. ಹನ್ನೆರಡು ತಾಸು ಕೇಳುತ್ತಾ ಕೂತರೂ 4 ಆಂಪಿಯರ್-ಅವರ್ ದಾಟುವುದಿಲ್ಲ, ಹತ್ತು ನಿಮಿಷ ಮಾತಾಡಿದರೆ ಇನ್ನೊಂದು. 42 ಆಂಪಿಯರ್-ಅವರ್ ಬ್ಯಾಟರಿಗೆ ಇದೇನೂ ಅಲ್ಲ.

ಆಂಟೆನಾ ಕಂಬ ಹಿಂದಿನ ಎಡ ಮೂಲೆಯಲ್ಲಿ. ಬಲೆ ಬಲಗಡೆಯಿಂದ ಎಳೆಯುತ್ತಾರೆ, ಈ ಕಡೆ ಸಿಕ್ಕಿಕೊಳ್ಳುವುದಿಲ್ಲ. ಮಡಚುವ ಬುಡ ನೈಲಾನಿನದು ಅಗ್ಗಕ್ಕಿತ್ತು, ಬಿಸಿಲಿಗೆ ಪುಡಿಯಾಗುತ್ತದೆ ಅಂತ ಸ್ಟೇನ್‌ಲೆಸ್ ಸ್ಟೀಲಿನದೇ ತಂದಿದ್ದೆ. ನಟ್ಟು ಬೋಲ್ಟ್ 316 ಗ್ರೇಡ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 304 ಉಪ್ಪಿಗೆ ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿಯುತ್ತದೆ. ಕೇಬಲ್ ಪೆಟ್ಟಿಗೆಗೆ ಹೋಗುವ ಮೊದಲು ಕೆಳಕ್ಕೆ ಒಂದು ಜೋಲು ಬಿಟ್ಟು ಮೇಲೆ ಏರಿಸಿದೆ, ಹರಿದು ಬಂದ ನೀರು ಜೋಲಿನ ತಳದಲ್ಲಿ ತೊಟ್ಟಿಕ್ಕಿ ಬೀಳಲಿ ಅಂತ. ಕನೆಕ್ಟರಿನ ಮೇಲೆ ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು ಸುತ್ತಿ, ಅದರ ಮೇಲೆ ಸಾದಾ ಪಿವಿಸಿ ಟೇಪ್. ಎಳೆಯದೆ ಸುತ್ತಿದರೆ ಅದು ಒಂದಕ್ಕೊಂದು ಬೆಸೆಯುವುದೇ ಇಲ್ಲ.

ಲೈಸೆನ್ಸ್ ಕೈಗೆ ಬಂದು, ಎಂಎಂಎಸ್‌ಐ ತುಂಬಿದ ಮೇಲೆ ಆಗಸ್ಟ್‌ನಲ್ಲಿ ಎಸ್‌ಡಬ್ಲ್ಯುಆರ್ ಮೀಟರ್ ಹಚ್ಚಿದೆವು. ಆಂಟೆನಾಗೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವ ಮೀಟರ್ ಅದು, 1 ಅಂದರೆ ಏನೂ ವಾಪಸ್ ಇಲ್ಲ. 1 ವ್ಯಾಟ್, ಖಾಲಿ ಇದ್ದ ಚಾನೆಲ್. ಮೀಟರ್ 2.1 ತೋರಿಸಿತು. ಒಂದೂವರೆಯ ಒಳಗಿದ್ದರೆ ಒಳ್ಳೆಯದು, 3 ದಾಟಿದರೆ ಸೆಟ್ಟಿಗೇ ಅಪಾಯ. ಕನೆಕ್ಟರ್ ಎರಡೂ ಸರಿ ಇದ್ದವು, ಕೇಬಲ್ ಸರಿ ಇತ್ತು. ಗೆಳೆಯ ತಾಡಪತ್ರಿಯ ಪೈಪ್ ಹಿಡಿದು ಆ ಕಡೆ ಬಗ್ಗಿದಾಗ ಮುಳ್ಳು ಅಲುಗಿತು. ಆಗ ಗೊತ್ತಾಯಿತು: ಆಂಟೆನಾದ ಕೆಳಗಿನ ಅರ್ಧ ಆ ಕಬ್ಬಿಣದ ಪೈಪಿನ ಪಕ್ಕದಲ್ಲೇ, ಅದೂ ಅದಕ್ಕೆ ಸಮವಾಗಿ ನಿಂತಿದೆ. ಕಂಬಕ್ಕೆ ಇನ್ನೊಂದು ತುಂಡು ಸೇರಿಸಿ ಅರ್ಧ ಮೀಟರ್ ಮೇಲಕ್ಕೆ ಏರಿಸಿದೆವು, ಪೈಪಿನ ತಲೆ ದಾಟಿತು. 1.3. ಎತ್ತರವೂ ಸಿಕ್ಕಿತು, ನೀರಿಂದ ತುದಿಗೆ ಮೂರೂವರೆ ಮೀಟರ್.

ಇಷ್ಟಾದರೂ ಒಂದು ಕಾಟ ಉಳಿದಿತ್ತು. ಬಲೆಯ ಕೆಲಸಕ್ಕೆ ಹಾಕಿದ್ದ ಎಲ್‌ಇಡಿ ಲೈಟ್ ಹಚ್ಚಿದ ಕೂಡಲೇ ಸ್ಪೀಕರಿನಲ್ಲಿ ಸೊರ್ ಶುರು. ಸಣ್ಣ ಸದ್ದನ್ನು ಮುಚ್ಚುವ ಸ್ಕ್ವೆಲ್ಚ್ ಗುಬ್ಬಿ ಏರಿಸಿದರೆ ಸದ್ದು ನಿಲ್ಲುತ್ತದೆ, ಜೊತೆಗೆ ದೂರದವರ ಸಣ್ಣ ದನಿಯೂ ನಿಲ್ಲುತ್ತದೆ. ರಾತ್ರಿ ಸಮುದ್ರದಲ್ಲಿ ಲೈಟ್ ಹಚ್ಚಿಕೊಂಡು ಕೂತವನಿಗೆ ರೇಡಿಯೋ ಕಿವುಡಾದ ಹಾಗೆ, ಮತ್ತು ಅವನಿಗೆ ಅದು ಗೊತ್ತೇ ಆಗುವುದಿಲ್ಲ. ಒಂದೊಂದೇ ಆರಿಸಿ ನೋಡಿದೆ. ಸೋಲಾರ್ ಕಂಟ್ರೋಲರ್ ಕೂಡ ಬಿಸಿಲಿನಲ್ಲಿ ಸ್ವಲ್ಪ ಸದ್ದು ಮಾಡುತ್ತಿತ್ತು, ಆದರೆ ದೊಡ್ಡ ಕಳ್ಳ ಈ ಲೈಟೇ. ಅಗ್ಗದ ಎಲ್‌ಇಡಿಗಳೊಳಗೆ 12 ವೋಲ್ಟನ್ನು ಹೊಂದಿಸುವ ಸಣ್ಣ ಸರ್ಕ್ಯೂಟ್ ಬೇಗಬೇಗ ಆನ್-ಆಫ್ ಆಗುತ್ತಿರುತ್ತದೆ. ಗದ್ದಲ ತಡೆಯುವ ಬಿಡಿಭಾಗ ಉಳಿಸಿ ಮಾಡಿದ್ದರೆ ಲೈಟಿನ ವೈರೇ ಆಂಟೆನಾ ಆಗಿಬಿಡುತ್ತದೆ. ವೈರಿಗೆ ಗದ್ದಲ ತಡೆಯುವ ಫೆರೈಟ್ ಬಿಲ್ಲೆ ಹಾಕಿದಾಗ ಅರ್ಧ ಇಳಿಯಿತು. ಲೈಟಿನ ವೈರನ್ನು ಆಂಟೆನಾ ಕೇಬಲಿನಿಂದ ಬಿಡಿಸಿ ದೋಣಿಯ ಇನ್ನೊಂದು ಪಕ್ಕಕ್ಕೆ ಒಯ್ದಾಗ ಇನ್ನಷ್ಟು. ಕೊನೆಗೆ ಲೈಟನ್ನೇ ಬದಲಿಸಿ, ಹೊಸದನ್ನು ಅಂಗಡಿಯಲ್ಲೇ ಸೆಟ್ಟಿನ ಪಕ್ಕ ಹಚ್ಚಿ ನೋಡಿ ತಂದ ಮೇಲೆ ಪೂರ್ತಿ ನಿಂತಿತು. ಟ್ರ್ಯಾಕ್ಟರ್‌ಗಳಲ್ಲಿ ಎಫ್‌ಎಂ ಸರಿಯಾಗಿ ಬರೋದಿಲ್ಲ ಅಂತ ತರುವವರ ಲೈಟನ್ನೂ ಈಗ ನಾನು ಹೀಗೇ ಮೊದಲು ಆರಿಸಿ ನೋಡುತ್ತೇನೆ.

ಕಾಳಿ ನದಿಯ ಬಾಯಿ ದಾಟಿ ಹೊರಗೆ ಹೋಗಿ ಪರೀಕ್ಷೆ. ಸೆಟ್ ಅಂತರರಾಷ್ಟ್ರೀಯ ಚಾನೆಲ್ ಪಟ್ಟಿಯಲ್ಲಿದೆಯಾ ಅಂತ ನೋಡಿಕೊಳ್ಳಿ. ಅಮೆರಿಕದ ಪಟ್ಟಿಯಲ್ಲಿ ಕೆಲವು ಚಾನೆಲ್‌ಗಳ ಫ್ರೀಕ್ವೆನ್ಸಿ ಬೇರೆ, ನೀವು ಮಾತಾಡಿದ್ದು ಎದುರಿನವನಿಗೆ ಕೇಳಿಸದೆ ಹೋಗಬಹುದು. ಗೆಳೆಯನ ಚಿಕ್ಕಪ್ಪನ ಬೋಟು ಬೈತಖೋಲ ಬಂದರಿನ ಹತ್ತಿರ ಇತ್ತು. 16ರಲ್ಲಿ ಕರೆದು, ತಕ್ಷಣ ಬೇರೆ ಚಾನೆಲ್ಲಿಗೆ ಹೋಗಿ ಮಾತಾಡಿದೆವು. 1 ವ್ಯಾಟಿನಲ್ಲೇ ಸ್ವಚ್ಛ. ಕೂರ್ಮಗಡ ದ್ವೀಪದ ಗುಡ್ಡದ ಮರೆಗೆ ಹೋದಾಗ ಮಾತು ಸೊರಗಿತು, 25ಕ್ಕೆ ಏರಿಸಿದರೂ ತುಂಡು ತುಂಡಾಗಿಯೇ ಬಂತು. ಮರೆ ಬಿಟ್ಟು ಹೊರಗೆ ಬಂದ ಕೂಡಲೇ ಮತ್ತೆ 1 ವ್ಯಾಟೇ ಸಾಕಾಯಿತು. ಚಿಕ್ಕಪ್ಪ ಕೊಂಕಣಿಯಲ್ಲಿ ಏನೋ ಬೈದರು. ಮೀನಿನ ವಿಷಯ ಇರಬೇಕು, ಗೆಳೆಯ ನಕ್ಕ.

ದೋಣಿಯ ಹುಡುಗರಿಗೆ ಕಲಿಸಿದ್ದನ್ನು ಪೆಟ್ಟಿಗೆಯ ಒಳಗೆ ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿ ಅಂಟಿಸಿದೆ. ಕೆಂಪು ಗುಂಡಿ ಮುಚ್ಚಳ ಎತ್ತಿ ಒತ್ತಿ ಹಿಡಿ. ಆಮೇಲೆ 16ರಲ್ಲಿ 'ಮೇಡೇ' ಮೂರು ಸಲ, ದೋಣಿಯ ಹೆಸರು ಮೂರು ಸಲ, ಎಲ್ಲಿದ್ದೇವೆ, ಏನಾಗಿದೆ, ಎಷ್ಟು ಜನ. ಗುಂಡಿ ಬಿಟ್ಟು ಕೇಳು. ಗುಂಡಿ ಒತ್ತಿಕೊಂಡೇ ಇದ್ದರೆ ಯಾರ ಉತ್ತರವೂ ಕೇಳುವುದಿಲ್ಲ, ಗಾಬರಿಯಲ್ಲಿ ಇದನ್ನೇ ಮರೆಯುತ್ತಾರೆ. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ 1554. ಹರಟೆಗೆ 16 ಬೇಡ ಅಂತ ದೊಡ್ಡ ಅಕ್ಷರದಲ್ಲಿ.

ದೀಪಾವಳಿ ಮುಗಿಸಿ ಮತ್ತೆ ಹೋದಾಗ ಟೇಪ್ ಬಿಚ್ಚಿ ನೋಡಿದೆ. ಕನೆಕ್ಟರ್ ಒಳಗೆ ಒಣಗಿತ್ತು, ಎಸ್‌ಡಬ್ಲ್ಯುಆರ್ 1.3ರಲ್ಲೇ ಇತ್ತು. 25 ವ್ಯಾಟಿನಲ್ಲಿ ಮಾತಾಡುವಾಗ ಬ್ಯಾಟರಿಯಲ್ಲಿ 12.5, ಸೆಟ್ಟಿನ ಹಿಂದೆ 12.2. ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಬೀಳುತ್ತಿದೆ, ಫ್ಯೂಸ್ ಹೋಲ್ಡರಿನ ಹಿತ್ತಾಳೆ ಮಂಕಾಗಿತ್ತು. ಅದನ್ನು ಕಿತ್ತು ಮುಚ್ಚಳಕ್ಕೆ ರಬ್ಬರ್ ಇರುವ ಹೋಲ್ಡರ್ ಹಾಕಿ ಬಂದೆ. ರೆಕ್ಟಿಫೈಯರ್ ಕೆಲಸ ಬಾಕಿ ಇದೆ, ಇಂಜಿನ್ ಬಿಚ್ಚುವುದು ಮುಂದಿನ ಮಳೆಗಾಲಕ್ಕೆ.